ಓಟಿಪಿ ಕೇಳ್ಲಿಲ್ಲ, ಲಿಂಕ್ ಒತ್ಲಿಲ್ಲ, ಆದ್ರೂ ಅವ್ವನ ಅಕೌಂಟಿಂದ ದುಡ್ಡು ಹೋಗಿದೆ, ಏನ್ ಮಾಡ್ಬೇಕು?

ಹೊಳೆದಂಡೆ ಹುಡ್ಗ, ಮಂಡ್ಯ:

ಎಲ್ರಿಗೂ ನಮಸ್ಕಾರ. ವಿಷ್ಯ ಅರ್ಜೆಂಟ್ ಇದೆ, ಬ್ಯಾಂಕ್ ಕೆಲ್ಸ ಗೊತ್ತಿರೋರು ಯಾರಾದ್ರೂ ಇದ್ರೆ ದಯವಿಟ್ಟು ದಾರಿ ತೋರ್ಸಿ.

ನಮ್ದು ಮಂಡ್ಯ ತಾಲ್ಲೂಕಲ್ಲಿ ಒಂದು ಹಳ್ಳಿ. ಅವ್ವನ ಹೆಸ್ರಲ್ಲಿ ಒಂದು ಸೇವಿಂಗ್ಸ್ ಅಕೌಂಟ್ ಇದೆ, ಡೇರಿ ಹಾಲಿನ ಬಟವಾಡೆ, ಗೃಹಲಕ್ಷ್ಮಿ ದುಡ್ಡು ಎಲ್ಲ ಅದ್ಕೇ ಬೀಳೋದು. ಪಾಸ್‌ಬುಕ್ ಎಂಟ್ರಿ ಹಾಕ್ಸೋಣ ಅಂತ ಹೋಗಿ ನೋಡಿದ್ರೆ ಒಂದು ಕಡೆ 10,000, ಅದ್ರ ಮಾರನೇ ದಿನದ ತಾರೀಕಲ್ಲಿ 7,500 ಡೆಬಿಟ್ ಆಗಿದೆ. ಪಕ್ಕದಲ್ಲಿ ಎಇಪಿಎಸ್ ಅಂತ ಇದೆ, ಅದ್ರ ಮುಂದೆ ಉದ್ದಕ್ಕೊಂದು ನಂಬರ್. ಅವ್ವ ಇಟ್ಕೊಂಡಿರೋದು ಕೀಪ್ಯಾಡ್ ಫೋನು, ವಾಟ್ಸಾಪ್ ಅಂದ್ರೇನು ಅಂತಾನೂ ಗೊತ್ತಿಲ್ಲ, ಫೋನ್‌ಪೇ ಗೂಗಲ್‌ಪೇ ಏನೂ ಇಲ್ಲ. ಎಟಿಎಂ ಕಾರ್ಡು ಬಂದಾಗ ಹೆಂಗಿತ್ತೋ ಹಂಗೇ ಕವರ್ ಸಮೇತ ಬೀರುನಲ್ಲಿದೆ, ಪಿನ್ ಕೂಡ ಮಾಡ್ಸಿಲ್ಲ. ಬ್ಯಾಂಕಲ್ಲಿ ಇರೋ ಮೊಬೈಲ್ ನಂಬರ್ ಅಪ್ಪಂದು ಹಳೇದು, ಅದು ಕಟ್ಟಾಗಿ ಎಷ್ಟೋ ಕಾಲ ಆಗಿದೆ, ಹಂಗಾಗಿ ಮೆಸೇಜೂ ಬಂದಿಲ್ಲ.

ಬ್ರಾಂಚಲ್ಲಿ ಕೇಳಿದ್ರೆ ಕಂಪ್ಯೂಟರ್ ನೋಡಿ "ಇದು ಹೆಬ್ಬೆಟ್ಟು ಒತ್ತಿ ತಗೊಂಡಿರೋ ದುಡ್ಡು, ನಿಮ್ಮಮ್ಮನ ಬೆರಳೇ ಮ್ಯಾಚ್ ಆಗಿದೆ, ಎಲ್ಲೋ ತಗೊಂಡು ಮರ್ತಿರ್ತಾರೆ, ನಮ್ ಕೈಲಿ ಏನೂ ಇಲ್ಲ" ಅಂದ್ಬಿಟ್ರು. ಆವತ್ತು ಅವ್ವ ಊರು ಬಿಟ್ಟು ಎಲ್ಲೂ ಹೋಗಿಲ್ಲ, ಬೆಳಿಗ್ಗೆ ಸಾಯಂಕಾಲ ಎರಡೊತ್ತೂ ಡೇರಿಗೆ ಹಾಲು ಹಾಕವ್ರೆ, ಡೇರಿ ಪುಸ್ತಕದಲ್ಲೇ ಇದೆ. ನಂಗೆ ದುಡ್ಡಿಗಿಂತ ಹೆಚ್ಚು ಬೇಜಾರಾಗಿರೋದು ಏನಂದ್ರೆ ಬ್ಯಾಂಕಿನೋರು ಹಂಗಂದ ಮೇಲೆ ಅವ್ವ "ನಾನೇ ಎಲ್ಲೋ ಒತ್ಬುಟ್ನೇನೋ ಮಗ, ವಯಸ್ಸಾಯ್ತಲ್ಲ" ಅಂತ ಕೊರಗ್ತಾ ಕೂತವ್ರೆ, ಸರಿಯಾಗಿ ಊಟಾನೂ ಮಾಡ್ತಿಲ್ಲ.

ಇನ್ನೊಂದು ವಿಷ್ಯ ಹೇಳ್ಬೇಕು. ಈಚೆಗೆ ನಮ್ಮ ದೊಡ್ಡಪ್ಪಂದಿರ ಜೊತೆ ಜಮೀನು ವಿಭಾಗ ಆಯ್ತು, ರಿಜಿಸ್ಟ್ರೇಷನ್‌ಗೆ ಮನೆಯವರೆಲ್ಲ ಹೋಗಿ ಆಧಾರ್ ಕೊಟ್ಟು ಹೆಬ್ಬೆಟ್ಟು ಕೊಟ್ಟಿದ್ರು. ಇದ್ಕೂ ಅದ್ಕೂ ಸಂಬಂಧ ಇದ್ಯಾ? ದುಡ್ಡು ವಾಪಸ್ ಬರುತ್ತಾ? ಮನೇಲಿ ಉಳಿದೋರ ಅಕೌಂಟ್ ಕಾಪಾಡ್ಕೊಳೋದು ಹೆಂಗೆ?


ಕ್ಯಾಷ್ ಕೌಂಟರ್, ಮೈಸೂರು:

ತಮ್ಮಾ, ಮೊದ್ಲು ನಿಮ್ಮ ತಾಯಿಗೆ ಹೇಳಿ, ಅವರದ್ದು ಏನೂ ತಪ್ಪಿಲ್ಲ ಅಂತ. ನಾನು ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆಗಿರೋನು, ಈಗ ಕುವೆಂಪುನಗರದಲ್ಲಿದ್ದೀನಿ, ಇಂಥ ಎಂಟ್ರಿ ಇರೋ ಪಾಸ್‌ಬುಕ್ ಹಿಡ್ಕೊಂಡು ಬರೋ ವಯಸ್ಸಾದವರನ್ನ ಸಾಕಷ್ಟು ನೋಡಿದ್ದೀನಿ, ಎಲ್ಲರೂ ಇದೇ ಮಾತು ಹೇಳ್ತಾರೆ, ನಾನೇ ಮರ್ತೆನೇನೋ ಅಂತ.

ಎಇಪಿಎಸ್ ಅಂದ್ರೆ ಆಧಾರ್ ಮೇಲೆ ನಡೆಯೋ ಪೇಮೆಂಟ್ ವ್ಯವಸ್ಥೆ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರ ಅಂತ ಒಬ್ಬರು ಕೈಯಲ್ಲಿ ಸಣ್ಣ ಮಿಷನ್ ಇಟ್ಕೊಂಡು ಪಿಂಚಣಿ ದುಡ್ಡು ಕೊಡ್ತಾರಲ್ಲ, ಅದೇ. ಅದಕ್ಕೆ ಬೇಕಾಗಿರೋದು ಮೂರೇ, ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು. ಓಟಿಪಿ ಇಲ್ಲ, ಪಿನ್ ಇಲ್ಲ, ಅಕೌಂಟ್ ನಂಬರ್ ಕೂಡ ಬೇಕಿಲ್ಲ. ಒಂದು ಸಲಕ್ಕೆ 10,000 ವರೆಗೆ ತೆಗೀಬಹುದು, ನಿಮ್ಮ ಪಾಸ್‌ಬುಕ್ಕಲ್ಲಿ ಮೊದಲ ಎಂಟ್ರಿ ಸರಿಯಾಗಿ 10,000ಕ್ಕೆ ನಿಂತಿದೆ ಅಂದ್ರೆ ತೆಗೆದವನು ಮಿತಿ ನೋಡ್ಕೊಂಡೇ ತೆಗೆದಿದ್ದಾನೆ. "ಓಟಿಪಿ ಯಾರಿಗೂ ಕೊಡಬೇಡಿ" ಅಂತ ವರ್ಷಗಟ್ಟಲೆ ಹೇಳ್ಕೊಂಡು ಬಂದು ಜನ ಓಟಿಪಿ ಕೊಡದಿದ್ರೆ ಸಾಕು ಅಂತ ನಂಬ್ಬಿಟ್ಟಿದ್ದಾರೆ, ಅದು ಪೂರ್ತಿ ಸರಿಯಲ್ಲ, ನಿಮ್ಮ ತಾಯಿ ಕೇಸೇ ಅದಕ್ಕೆ ಸಾಕ್ಷಿ.

ರಿಜಿಸ್ಟ್ರೇಷನ್ ಬಗ್ಗೆ ಕೇಳಿದ್ರಿ. ನಿಮ್ಮ ಕೇಸಲ್ಲಿ ಅಲ್ಲಿಂದಲೇ ಹೋಯ್ತು ಅಂತ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ, ಅದು ಪೊಲೀಸರ ತನಿಖೆ. ಆದ್ರೆ 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಮಾಡಿಸಿದ್ದ ಸುಮಾರು ಜನರ ಅಕೌಂಟಿಂದ ಹೀಗೇ ದುಡ್ಡು ಹೋಗಿತ್ತು. ಪತ್ರದಲ್ಲಿ ಆಧಾರ್ ನಂಬರೂ ಇರುತ್ತೆ, ಹೆಬ್ಬೆಟ್ಟಿನ ಗುರುತೂ ಇರುತ್ತೆ, ಎರಡೂ ಒಂದೇ ಕಾಗದದಲ್ಲಿ ಸಿಕ್ಕಿದ್ರೆ ಆ ಗುರುತನ್ನ ಅಂಟು ಇಲ್ಲ ಸಿಲಿಕಾನಲ್ಲಿ ಅಚ್ಚು ತೆಗೆದು ಮಿಷನ್ ಮೇಲೆ ಒತ್ತೋದು. ಅದಕ್ಕೇ "ಬೆರಳು ಮ್ಯಾಚ್ ಆಗಿದೆ, ಅಂದ್ರೆ ನೀವೇ ತಗೊಂಡಿದ್ದೀರಿ" ಅನ್ನೋ ಮಾತು ನಿಲ್ಲಲ್ಲ.

ಈಗ ಕೆಲಸಕ್ಕೆ ಬನ್ನಿ. ಇದನ್ನ ಓದಿದ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಇಡೀ ದೇಶಕ್ಕೆ ಇರೋ ಸೈಬರ್ ವಂಚನೆ ಸಹಾಯವಾಣಿ. ಪಾಸ್‌ಬುಕ್ ಎದುರಿಗಿಟ್ಕೊಳ್ಳಿ, ತಾರೀಕು, ಮೊತ್ತ, ಎಂಟ್ರಿ ಪಕ್ಕದ ಆ ಉದ್ದದ ನಂಬರ್ ಓದಿ ಹೇಳಬೇಕಾಗುತ್ತೆ. ಆ ನಂಬರಿಂದಲೇ ಯಾವ ಬ್ಯಾಂಕಿನ ಯಾವ ಏಜೆಂಟ್ ಮಿಷನಲ್ಲಿ ದುಡ್ಡು ತೆಗೆದ್ರು ಅಂತ ಪತ್ತೆ ಹಚ್ಚೋದು, ಅದನ್ನ ಸರಿಯಾಗಿ ಬರ್ಕೊಳ್ಳಿ. ದೂರು ಸಂಖ್ಯೆ ಬಂದ ಮೇಲೆ ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಪೋರ್ಟಲಲ್ಲಿ ಪೂರ್ತಿ ವಿವರ ತುಂಬಿ. ಅಷ್ಟಕ್ಕೇ ಎಫ್‌ಐಆರ್ ಆಯ್ತು ಅಂತ ತಿಳ್ಕೋಬೇಡಿ, ಮಂಡ್ಯದ ಸೆನ್ ಪೊಲೀಸ್ ಠಾಣೆಗೆ, ಅಂದ್ರೆ ಸೈಬರ್ ಅಪರಾಧ ನೋಡೋ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ಬೇರೆಯವರ ಗುರುತು ಕದ್ದು ಬಳಸೋದು ಐಟಿ ಕಾಯ್ದೆ 66ಸಿ ಪ್ರಕಾರ ಅಪರಾಧ, 3 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ ಇದೆ.

ಬ್ಯಾಂಕಿನ ವಿಚಾರ ಇನ್ನೂ ಮುಖ್ಯ, ಯಾಕಂದ್ರೆ ಹೆಚ್ಚಿನವರು ಸೋಲೋದು ಇಲ್ಲೇ. ಕೌಂಟರಲ್ಲಿ ಬಾಯಲ್ಲಿ ಹೇಳಿದ್ದು ದೂರಲ್ಲ. ಒಂದು ಅರ್ಜಿ ಬರೀರಿ, "ಈ ಕೆಳಗಿನ ವ್ಯವಹಾರ ನಾನು ಮಾಡಿರುವುದಿಲ್ಲ, ಯಾರಿಗೂ ಅನುಮತಿ ಕೊಟ್ಟಿರುವುದಿಲ್ಲ, ಅನಧಿಕೃತ ಎಲೆಕ್ಟ್ರಾನಿಕ್ ವ್ಯವಹಾರ ಎಂದು ದೂರು ದಾಖಲಿಸಿಕೊಂಡು ಹಣ ಹಿಂದಿರುಗಿಸಬೇಕು" ಅಂತ. ತಾಯಿಯ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಕು, ತಗೊಂಡವರ ಸಹಿ ಹಾಕಿಸ್ಕೊಂಡೇ ಬನ್ನಿ. ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ ಅಂದ್ರೆ ಕಾದು ಕೂತ್ಕೊಳ್ಳಿ. ತಗೊಳ್ಳಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ಬ್ಯಾಂಕಿನ ಈಮೇಲಿಗೂ ಕಳಿಸಿ.

ಆ ಅರ್ಜಿಯಲ್ಲೇ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೆಸರು ಹೇಳಿ. ಅದರಲ್ಲಿರೋದು ಇಷ್ಟು. ಗ್ರಾಹಕನ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಮಧ್ಯದಲ್ಲಿ ಎಲ್ಲೋ ಸೋರಿಕೆ ಆಗಿದೆ ಅಂದಾಗ, ಬ್ಯಾಂಕಿಂದ ಮಾಹಿತಿ ಬಂದ 3 ಕೆಲಸದ ದಿನದೊಳಗೆ ದೂರು ಕೊಟ್ರೆ ಗ್ರಾಹಕನಿಗೆ ಒಂದು ರೂಪಾಯೀನೂ ನಷ್ಟ ಇಲ್ಲ. 4ರಿಂದ 7 ಕೆಲಸದ ದಿನ ಆಗಿದ್ರೆ ಮೂಲ ಉಳಿತಾಯ ಖಾತೆ, ಅಂದ್ರೆ ಜನಧನ್ ಥರದ ಖಾತೆ ಇರೋವರಿಗೆ ಹೆಚ್ಚಂದ್ರೆ 5,000, ಮಾಮೂಲಿ ಸೇವಿಂಗ್ಸ್ ಖಾತೆಯವರಿಗೆ ಹೆಚ್ಚಂದ್ರೆ 10,000, ಅದಕ್ಕಿಂತ ಜಾಸ್ತಿ ನಷ್ಟ ಗ್ರಾಹಕನ ಮೇಲೆ ಹಾಕೋ ಹಾಗಿಲ್ಲ. 7 ದಿನ ದಾಟಿದ್ರೆ ಆಯಾ ಬ್ಯಾಂಕಿನ ನಿಯಮ. ದೂರು ಕೊಟ್ಟ 10 ಕೆಲಸದ ದಿನದಲ್ಲಿ ಆ ಮೊತ್ತವನ್ನ ತಾತ್ಕಾಲಿಕವಾಗಿ ಖಾತೆಗೆ ತೋರಿಸಬೇಕು, 90 ದಿನದಲ್ಲಿ ತೀರ್ಮಾನ ಮಾಡಬೇಕು. ಮತ್ತೆ ಗ್ರಾಹಕನೇ ಹೊಣೆ ಅಂತ ಸಾಬೀತು ಮಾಡೋ ಭಾರ ಬ್ಯಾಂಕಿನ ಮೇಲೇ ಇದೆ. ನಿಮ್ಮ ಬ್ರಾಂಚಿನವರು ಇದನ್ನ ತಲೆಕೆಳಗು ಮಾಡಿ ನಿಮ್ಮ ತಾಯಿ ಮೇಲೆ ಹಾಕಿದ್ದಾರೆ.

ಗಮನಿಸಿ, ದಿನ ಲೆಕ್ಕ ಶುರುವಾಗೋದು ಬ್ಯಾಂಕು ಮಾಹಿತಿ ಕೊಟ್ಟ ಮೇಲೆ. ಮೆಸೇಜ್ ಸೇರಿಲ್ಲ, ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗಲೇ ಗೊತ್ತಾಗಿದ್ದು ಅಂತ ಅರ್ಜಿಯಲ್ಲಿ ಸ್ಪಷ್ಟ ಬರೀರಿ. ಅವರು ನಂಬರ್ ಬದಲಾಯಿಸದೇ ಇದ್ದಿದ್ದು ನಿಮ್ಮ ತಪ್ಪು ಅನ್ನಬಹುದು, ಅನ್ಲಿ, ನೀವು ಬರೆಯೋದು ಬರೀರಿ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ರೆ ಅಥವಾ ಆಗಲ್ಲ ಅಂದ್ರೆ ಬ್ಯಾಂಕ್ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ದುಡ್ಡು ಕಟ್ಟಬೇಕಿಲ್ಲ, ಲಾಯರ್ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದ್ರೆ ಹೇಗೆ ಅಂತ ಹೇಳ್ತಾರೆ.


ಮಳವಳ್ಳಿ ಸೆಂಟರ್:

ಸರ್ ಮೇಲೆ ಹೇಳಿರೋದು ಕರೆಕ್ಟಾಗೈತೆ. ನಾನು ಸಿಎಸ್‌ಸಿ ಸೆಂಟರ್, ಅಂದ್ರೆ ಸರ್ಕಾರಿ ಸೇವೆ, ಬ್ಯಾಂಕ್ ಕೆಲ್ಸ ಮಾಡ್ಕೊಡೋ ಅಂಗಡಿ ನಡ್ಸೋನು, ದಿನಾ ಇದೇ ಮಿಷನ್ ಜೊತೆ ಇರೋದು, ಅದ್ಕೆ ಬೀಗ ಹಾಕೋದು ಹೆಂಗೆ ಅನ್ನೋದನ್ನ ನಾನು ಹೇಳ್ತೀನಿ.

ಅಣ್ಣ, ಇವತ್ತೇ ಅವ್ವನ ಬಯೋಮೆಟ್ರಿಕ್ ಲಾಕ್ ಮಾಡ್ಬುಡಿ, ಬ್ಯಾಂಕ್ ಅರ್ಜಿ ನಾಳೆ ಆದ್ರೂ ಪರ್ವಾಗಿಲ್ಲ, ಯಾಕಂದ್ರೆ ಒಂದ್ಸಲ ದುಡ್ಡು ಸಿಕ್ಕಿರೋನು ಮುಂದಿನ ತಿಂಗಳು ಬಟವಾಡೆ ಬೀಳ್ತಿದ್ದಂಗೆ ಮತ್ತೆ ಒತ್ತೇ ಒತ್ತಾನೆ. ಆಧಾರ್ ಆಪಲ್ಲಿ ಇಲ್ಲ ಮೈಆಧಾರ್ ವೆಬ್‌ಸೈಟಲ್ಲಿ ಆಧಾರ್ ನಂಬರ್ ಹಾಕಿ ಲಾಗಿನ್ ಆದ್ರೆ ಬಯೋಮೆಟ್ರಿಕ್ ಲಾಕ್ ಅಂತ ಇರ್ತದೆ, ಎರಡು ನಿಮಿಷದ ಕೆಲ್ಸ, ದುಡ್ಡಿಲ್ಲ. ಬೆರಳು, ಕಣ್ಣು, ಮುಖ ಮೂರೂ ಲಾಕ್ ಆಯ್ತವೆ. ಆಮೇಲೆ ಯಾವನೇ ಆ ಬೆರಳಚ್ಚು ಒತ್ತಿದ್ರೂ ನಮ್ಮ ಸ್ಕ್ರೀನ್ ಮೇಲೆ 330 ಅಂತ ಎರರ್ ಬರ್ತದೆ, ಆಧಾರ್‌ದಾರರು ಬಯೋಮೆಟ್ರಿಕ್ ಲಾಕ್ ಮಾಡವ್ರೆ ಅಂತ. ಅಚ್ಚು ಎಷ್ಟೇ ಚೆನ್ನಾಗಿ ಮಾಡಿದ್ರೂ ಅಲ್ಲಿಂದ ಮುಂದಕ್ಕೆ ಹೋಗಲ್ಲ. ಬೇಕಾದಾಗ ಆಪಲ್ಲೇ ಹತ್ತು ನಿಮಿಷಕ್ಕೆ ಬಿಡಿಸ್ಕೊಂಡು ದುಡ್ಡು ತಗೊಬೋದು, ಮತ್ತೆ ತಾನೇ ಲಾಕ್ ಆಯ್ತದೆ.

ಇದ್ಕೆಲ್ಲ ಆಧಾರಿಗೆ ಮೊಬೈಲ್ ನಂಬರ್ ಲಿಂಕ್ ಇರ್ಬೇಕು, ಓಟಿಪಿ ಅದ್ಕೇ ಬರೋದು. ನಿಮ್ಮವ್ವಂದು ಅಪ್ಪನ ಹಳೇ ನಂಬರೇ ಇದ್ರೆ ಮೊದ್ಲು ಅವ್ವನ್ನ ಕರ್ಕೊಂಡು ಆಧಾರ್ ಸೆಂಟರಿಗೆ ಹೋಗಿ ಹೊಸಾ ನಂಬರ್ ಹಾಕ್ಸಿ. ಅದು ಮನೇಲಿ ಕೂತು ಆನ್‌ಲೈನಲ್ಲಿ ಮಾಡ್ಕೊಡ್ತೀನಿ ಅಂತ ಯಾರಾದ್ರೂ ಫೋನಲ್ಲಿ ಹೇಳಿದ್ರೆ ನಂಬ್ಬೇಡಿ. ಹಂಗೇ ಬ್ಯಾಂಕಲ್ಲೂ ನಂಬರ್ ಬದ್ಲಾಯಿಸಿ, ಇವೆರಡೂ ಬೇರೆ ಬೇರೆ ಕೆಲ್ಸ, ಒಂದು ಮಾಡಿದ್ರೆ ಇನ್ನೊಂದು ಆಗಲ್ಲ.

ಇನ್ನೊಂದು ಇದೆ ಕಣಣ್ಣ, ಸುಮಾರು ಜನಕ್ಕೆ ಗೊತ್ತಿಲ್ಲ. ಅದೇ ವೆಬ್‌ಸೈಟಲ್ಲಿ ಅಥೆಂಟಿಕೇಷನ್ ಹಿಸ್ಟರಿ ಅಂತ ಇರ್ತದೆ, ಹಿಂದಿನ 6 ತಿಂಗಳಲ್ಲಿ ಆ ಆಧಾರ್ ಯಾವತ್ತು ಬಳಸವ್ರೆ, ಎಷ್ಟೊತ್ತಲ್ಲಿ, ಬೆರಳಾ ಓಟಿಪಿನಾ, ಯಾವ ಸಂಸ್ಥೆ ಮೂಲಕ ಅಂತ ಎಲ್ಲ ತೋರಿಸ್ತದೆ. ಡೌನ್‌ಲೋಡ್ ಮಾಡಿ ಪ್ರಿಂಟ್ ತಗೊಳ್ಳಿ. ಅವ್ವ ಬೆಳಿಗ್ಗೆ ಡೇರಿಲಿ ಹಾಲು ಹಾಕ್ತಿದ್ದ ಹೊತ್ತಲ್ಲೇ ಅಲ್ಲಿ ಬೆರಳು ಒತ್ತಿದ್ದು ಬಂದಿದ್ರೆ ಡೇರಿ ಪುಸ್ತಕದ ಜೆರಾಕ್ಸು, ಈ ಪ್ರಿಂಟು ಎರಡೂ ಜೊತೆಗಿಟ್ಟು ಬ್ಯಾಂಕಿಗೂ ಪೊಲೀಸಿಗೂ ಕೊಡಿ. ಮ್ಯಾನೇಜರ್ ಏನ್ ಹೇಳ್ತಾರೋ ನೋಡಣ.

ನಮ್ಮಂಥ ಸೆಂಟರಿಗೆ ಬರೋರಿಗೂ ಒಂದು ಮಾತು. ದುಡ್ಡು ತಗೊಳೋವಾಗ ಸ್ಕ್ರೀನ್ ನಿಮ್ ಕಡೆ ತಿರುಗ್ಸಿ ಅಂತ ಕೇಳಿ. ಬ್ಯಾಲೆನ್ಸ್ ನೋಡೋಕೆ ಒತ್ತದು, ದುಡ್ಡು ತೆಗೆಯೋಕೆ ಒತ್ತದು, ನೋಡೋಕೆ ಒಂದೇ ಥರ, ಆದ್ರೆ ಸ್ಕ್ರೀನಲ್ಲಿ ಏನು ಆರ್ಸಿದಾರೆ, ಎಷ್ಟು ಮೊತ್ತ ಹಾಕಿದಾರೆ ಅಂತ ಕಾಣ್ತದೆ. "ಸರ್ವರ್ ಇಲ್ಲ, ಇನ್ನೊಂದ್ಸಲ ಒತ್ತಜ್ಜಿ" ಅಂದ್ರೆ ಮೊದ್ಲು ಒತ್ತಿದ್ದಕ್ಕೆ ಫೇಲ್ ಆದ ರಸೀದಿ ಕೊಡು ಅಂತ ಕೇಳ್ಬೇಕು, ಫೇಲ್ ಆದ್ರೂ ರಸೀದಿ ಬರ್ತದೆ. ಕೇಳಿದ್ರೆ ನಮ್ಗೇನೂ ಬೇಜಾರಿಲ್ಲ, ನೆಟ್ಟಗೆ ಕೆಲ್ಸ ಮಾಡೋ ಸೆಂಟರಿನೋರು ಖುಷಿಯಾಗೇ ಕೊಡ್ತಾರೆ.


ಹೊಳೆದಂಡೆ ಹುಡ್ಗ, ಮಂಡ್ಯ:

ಸರ್, ಅಣ್ಣ, ನಿಮ್ಮಿಬ್ರಿಗೂ ತುಂಬಾ ಥ್ಯಾಂಕ್ಸ್. 1930ಗೆ ಫೋನ್ ಮಾಡಿ ದೂರು ಸಂಖ್ಯೆ ತಗೊಂಡೆ, ಆ ಉದ್ದದ ನಂಬರ್ ಅವ್ರು ಮೊದ್ಲೇ ಕೇಳಿದ್ರು. ಆಧಾರಿಗೆ ಲಿಂಕ್ ಇರೋದು ನನ್ನ ನಂಬರೇ ಅಂತ ಈಗ ಗೊತ್ತಾಯ್ತು, ಹಂಗಾಗಿ ಹಿಸ್ಟರಿ ತೆಗ್ದೆ. ನಿಜ ಅಣ್ಣ, ಎರಡು ಸಲಾನೂ ಬೆರಳು ಅಂತಾನೇ ಇದೆ, ನಾವು ಹೆಸ್ರೇ ಕೇಳದೇ ಇರೋ ಬೇರೆ ಬ್ಯಾಂಕ್ ಮೂಲಕ, ಟೈಮ್ ನೋಡಿದ್ರೆ ಬೆಳಿಗ್ಗೆ ಹಾಲು ಹಾಕೋ ಹೊತ್ತು. ಅವ್ವಂಗೆ ಓದಿ ಹೇಳ್ದೆ, "ಅಷ್ಟೊತ್ತಲ್ಲಿ ನಾನು ಕ್ಯಾನ್ ಹಿಡ್ಕಂಡು ಸಾಲಲ್ಲಿ ನಿಂತಿದ್ನಲ್ಲ ಮಗ" ಅಂದ್ರು, ಮುಖ ಸ್ವಲ್ಪ ಗೆಲುವಾಯ್ತು.

ಒಂದು ಡೌಟು. ಲಾಕ್ ಮಾಡಿದ್ರೆ ಸೊಸೈಟಿಲಿ ರೇಷನ್ ತಗೊಳೋಕೆ ತೊಂದ್ರೆ ಆಗಲ್ವಾ? ಅಲ್ಲೂ ಹೆಬ್ಬೆಟ್ಟೇ ಅಲ್ವಾ? ಅಕ್ಕಿ ನಿಂತ್ರೆ ಅವ್ವ ಬೈತಾರೆ.


ಮಳವಳ್ಳಿ ಸೆಂಟರ್:

ರೇಷನ್ ಕಾರ್ಡಲ್ಲಿ ಹೆಸ್ರಿರೋ ಯಾರಾದ್ರೂ ಒಬ್ರು ಒತ್ತಿದ್ರೆ ಸಾಕಲ್ಲಣ್ಣ, ನೀವೇ ಹೋಗಿ ಒತ್ತಿ. ಇಲ್ಲ ಅಂದ್ರೆ ಸಾಲು ಹತ್ರ ಬಂದಾಗ ಫೋನಲ್ಲಿ ಹತ್ತು ನಿಮಿಷ ಬಿಡಿಸ್ಕೊಳ್ಳಿ. ಪಿಂಚಣಿ ತಗೊಳೋರು ಮನೇಲಿದ್ರೆ ಜೀವನ್ ಪ್ರಮಾಣ್, ಅಂದ್ರೆ ಬದುಕಿದೀವಿ ಅನ್ನೋ ಸರ್ಟಿಫಿಕೇಟು ಮಾಡ್ಸೋವಾಗ್ಲೂ ಇದೇ ಥರ ಬಿಡಿಸ್ಕೊಂಡು ಮಾಡ್ಸಿ. ಲಾಕ್ ಆಗಿದೆ ಅನ್ನೋದು ಮನೆಯವ್ರಿಗೆಲ್ಲ ಹೇಳಿಡಿ, ಇಲ್ಲಾಂದ್ರೆ ಬೆರಳು ಬರ್ತಿಲ್ಲ ಅಂತ ಸುಮ್ನೆ ಅಲೆದಾಡ್ತಾರೆ.


ಒಂಟಿಕೊಪ್ಪಲ್ ಅಕ್ಕ, ಮೈಸೂರು:

ನಮ್ಮನೇಲಿ ಆಗಿದ್ದು ಬೇರೆ ಥರ, ಆದ್ರೆ ಮೂಲ ಒಂದೇ ಅನ್ಸುತ್ತೆ ಅದ್ಕೆ ಬರೀತಿದೀನಿ, ಉದ್ದ ಆದ್ರೆ ಕ್ಷಮಿಸಿ.

ನನ್ನ ತಂಗಿಗೆ ಇದ್ದಕ್ಕಿದ್ದಂಗೆ ರಿಕವರಿ ಅಂತ ಫೋನ್ ಬರೋಕೆ ಶುರುವಾಯ್ತು, ನೀವು ಲೋನ್ ತಗೊಂಡಿದೀರಿ ಕಂತು ಕಟ್ಟಿಲ್ಲ ಅಂತ, ಒಂದೊಂದ್ಸಲ ತೀರಾ ಕೆಟ್ಟದಾಗಿ ಮಾತಾಡೋರು, ಅವಳು ಜನ್ಮದಲ್ಲಿ ಸಾಲ ಮಾಡಿದೋಳಲ್ಲ. ಮೊದ್ಲು ಇದೇ ಫ್ರಾಡ್ ಕಾಲ್ ಅಂತ ಬ್ಲಾಕ್ ಮಾಡ್ತಿದ್ವಿ. ಆಮೇಲೆ ಮದ್ವೆ ಆದ್ಮೇಲೆ ಮನೆ ಲೋನಿಗೆ ಅವರಿಬ್ರೂ ಅಪ್ಲೈ ಮಾಡ್ದಾಗ ಸಿಬಿಲ್ ಸ್ಕೋರ್, ಅಂದ್ರೆ ಸಾಲ ಸರಿಯಾಗಿ ತೀರಿಸ್ತಾರಾ ಅಂತ ನೋಡಿ ಹಾಕೋ ಅಂಕ, ಬಿದ್ದೋಗಿದೆ ಅಂತ ರಿಜೆಕ್ಟ್ ಆಯ್ತು, ರಿಪೋರ್ಟ್ ತೆಗ್ಸಿದ್ರೆ ಒಂದು ಲೋನ್ ಆಪಲ್ಲಿ ಅವಳ ಪ್ಯಾನ್ ಮೇಲೆ ಸಾಲ ಇದೆ, ಅಡ್ರೆಸ್ ಯಾವುದೋ ಉತ್ತರದ ಕಡೆ ಊರು, ಮೊಬೈಲ್ ನಂಬರೂ ಅವಳದಲ್ಲ. ಪ್ಯಾನ್ ಕಾರ್ಡ್ ಜೆರಾಕ್ಸು ಆಧಾರ್ ಜೆರಾಕ್ಸು ಎಲ್ಲೋ ಕೈಬದಲಾಗಿ ಹೋಗಿದೆ.

ಎಲ್ಲೋ ಅಂದೆ, ಆದ್ರೆ ನೀವೇ ಯೋಚ್ನೆ ಮಾಡಿ ನೋಡಿ. ಕಾಲೇಜ್ ಹತ್ರ ಜೆರಾಕ್ಸ್ ಅಂಗಡಿಲಿ ಪ್ರಿಂಟ್ ಬೇಕು ಅಂದ್ರೆ ಅವ್ರ ವಾಟ್ಸಾಪ್ ನಂಬರಿಗೆ ಪಿಡಿಎಫ್ ಕಳ್ಸಿ ಅಂತಾರೆ, ನಾವು ಆಧಾರ್ ಮುಂದೆ ಹಿಂದೆ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೊದಲ ಪುಟ ಎಲ್ಲ ಕಳ್ಸಿ, ಹತ್ತು ರೂಪಾಯಿ ಕೊಟ್ಟು ಪ್ರಿಂಟ್ ತಗೊಂಡು ಬಂದ್ಬಿಡ್ತೀವಿ. ಆ ಫೈಲು ಅಲ್ಲೇ ಡೌನ್‌ಲೋಡ್ ಫೋಲ್ಡರಲ್ಲಿ ನೂರಾರು ಜನರ ಕಾರ್ಡುಗಳ ಜೊತೆ ಬಿದ್ದಿರುತ್ತೆ, ಅಂಗಡಿಯವ್ರು ಒಳ್ಳೆಯವ್ರೇ ಇರ್ಬೋದು, ಆದ್ರೆ ಆ ಕಂಪ್ಯೂಟರ್ ಮುಂದೆ ಯಾರ್ಯಾರು ಕೂರ್ತಾರೆ? ನಾನೀಗ ಎದುರಿಗೇ ನಿಂತು ಚಾಟಿಂದಲೂ ಫೋಲ್ಡರಿಂದಲೂ ರೀಸೈಕಲ್ ಬಿನ್ನಿಂದಲೂ ಡಿಲೀಟ್ ಮಾಡ್ಸಿ ಬರ್ತೀನಿ. ಸರಿಯಾಗಿ ಬರದೇ ಇರೋ ಜೆರಾಕ್ಸ್ ಪ್ರತಿ ಇರುತ್ತಲ್ಲ, ಕಸದ ಬುಟ್ಟಿಗೆ ಹಾಕ್ತಾರಲ್ಲ, ಅದನ್ನೂ ವಾಪಸ್ ಇಸ್ಕೊಂಡು ಹರಿದು ಹಾಕ್ತೀನಿ. ಎಲ್ಲಾದ್ರೂ ಪ್ರತಿ ಕೊಡ್ಬೇಕಾದ್ರೆ ಅದ್ರ ಮೇಲೆ ಅಡ್ಡಡ್ಡಕ್ಕೆ "ಬಾಡಿಗೆ ಕರಾರಿಗೆ ಮಾತ್ರ" ಅಂತ ಯಾವುದಕ್ಕೆ ಕೊಟ್ಟಿದ್ದು ಅಂತ ಬರ್ದು ತಾರೀಕು ಹಾಕಿ ಸಹಿ ಮಾಡಿ ಕೊಡೋದು, ಆಧಾರ್ ಆದ್ರೆ ಕೊನೇ 4 ಅಂಕೆ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಕೊಡೋದು. ಲಾಡ್ಜಲ್ಲಿ, ಪಿಜಿಲಿ ಅದೇ ಸಾಕು.

ತಂಗಿ ಕೇಸ್ ಹೆಂಗೆ ಬಗೆಹರೀತು ಅಂದ್ರೆ, ಸೈಬರ್ ಪೋರ್ಟಲಲ್ಲಿ ದೂರು, ಸೆನ್ ಠಾಣೆಲಿ ದೂರು, ಆ ಪ್ರತಿ ಇಟ್ಕೊಂಡು ಸಾಲ ಕೊಟ್ಟ ಕಂಪನಿಗೆ ಈಮೇಲ್, "ಅರ್ಜಿ, ಫೋಟೋ, ದುಡ್ಡು ಹಾಕಿದ ಬ್ಯಾಂಕ್ ಅಕೌಂಟ್ ವಿವರ ಕೊಡಿ" ಅಂತ. ದುಡ್ಡು ಹೋಗಿದ್ದ ಅಕೌಂಟ್ ಅವಳದಲ್ಲ ಅನ್ನೋದು ಅಲ್ಲೇ ಗೊತ್ತಾಯ್ತು. ಜೊತೆಗೆ ಸಿಬಿಲ್‌ಗೆ ಡಿಸ್ಪ್ಯೂಟ್ ಹಾಕಿದ್ವಿ. ಇಂಥ ತಿದ್ದುಪಡಿ 30 ದಿನದಲ್ಲಿ ಮಾಡ್ದೇ ಇದ್ರೆ ಅಲ್ಲಿಂದಾಚೆಗೆ ದಿನಕ್ಕೆ 100 ರೂಪಾಯಿ ಲೆಕ್ಕದಲ್ಲಿ ಪರಿಹಾರ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿ 2024ರಿಂದ ಜಾರಿಗೆ ತಂದಿದೆ, ಅದನ್ನ ಈಮೇಲಲ್ಲಿ ಬರೆದ ಮೇಲೆ ಉತ್ತರ ಬೇಗ ಬಂತು. ಸಾಲ ತೆಗ್ದಾಕಿದ್ರು, ಆದ್ರೆ ಅಷ್ಟರಲ್ಲಿ ಅವರು ನೋಡಿದ್ದ ಮನೆ ಬೇರೆಯವ್ರ ಪಾಲಾಗಿತ್ತು, ಅದು ನೆನಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ದಯವಿಟ್ಟು ಎಲ್ರೂ ವರ್ಷಕ್ಕೊಂದ್ಸಲ ಕ್ರೆಡಿಟ್ ರಿಪೋರ್ಟ್ ತೆಗ್ದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಾಲ್ಕು ಸಂಸ್ಥೆ ಇವೆ, ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡ್ಲೇಬೇಕು. ನಾವು ಮೂರು ತಿಂಗ್ಳಿಗೊಂದು ಸಂಸ್ಥೆಯದು ತೆಗೀತೀವಿ, ವರ್ಷ ಪೂರ್ತಿ ಕಣ್ಣಿಟ್ಟಂಗಾಗುತ್ತೆ. ಸ್ಕೋರ್ ನೋಡೋದಲ್ಲ ಮುಖ್ಯ, ನಿಮ್ಗೆ ಗೊತ್ತಿಲ್ದೇ ಇರೋ ಲೋನ್ ಇದ್ಯಾ, ಯಾರಾದ್ರೂ ಎನ್‌ಕ್ವೈರಿ ಮಾಡಿದಾರಾ ಅಂತ ನೋಡ್ಬೇಕು. ಹಂಗೇ ಜಿಎಸ್‌ಟಿ ವೆಬ್‌ಸೈಟಲ್ಲಿ ಪ್ಯಾನ್ ನಂಬರ್ ಹಾಕಿ ಹುಡುಕಿದ್ರೆ ನಿಮ್ಮ ಹೆಸ್ರಲ್ಲಿ ಯಾರಾದ್ರೂ ವ್ಯಾಪಾರ ರಿಜಿಸ್ಟರ್ ಮಾಡಿದ್ರೆ ಕಾಣುತ್ತೆ. ಸಂಚಾರ್ ಸಾಥಿ ಪೋರ್ಟಲಲ್ಲಿ ನಿಮ್ಮ ಹೆಸ್ರಲ್ಲಿ ಎಷ್ಟು ಸಿಮ್ ಇವೆ ಅಂತ ಬರುತ್ತೆ, ನಿಮ್ದಲ್ಲದ್ದು ಇದ್ರೆ ಅಲ್ಲೇ "ನನ್ನದಲ್ಲ" ಅಂತ ಒತ್ಬೋದು.


ಪಾಂಡವಪುರದ ಹೈದ:

ಇಷ್ಟೆಲ್ಲ ತಲೆನೋವು ಯಾಕಣ್ಣ, ಬ್ಯಾಂಕಲ್ಲಿ ದುಡ್ಡೇ ಇಡ್ಬಾರ್ದು. ಕಬ್ಬಿನ ದುಡ್ಡು ಬಿತ್ತಾ, ಅವತ್ತೇ ತಗೊಂಡ್ಬಂದು ಮನೇಲಿಟ್ಕೊ. ನಮ್ಮ ತಾತ ಹಂಗೇ ಮಾಡ್ತಿದ್ದಿದ್ದು.


ಕ್ಯಾಷ್ ಕೌಂಟರ್, ಮೈಸೂರು:

ಕೋಪ ಅರ್ಥ ಆಗುತ್ತೆ, ಆದ್ರೆ ಇದನ್ನ ನಾನು ಒಪ್ಪಲ್ಲ. ಮನೇಲಿಟ್ಟ ದುಡ್ಡು ಕಳವಾದ್ರೆ ಕೇಳೋಕೆ ಸುತ್ತೋಲೆನೂ ಇಲ್ಲ, ಒಂಬುಡ್ಸ್‌ಮನ್ನೂ ಇಲ್ಲ. ಅದರ ಬದಲು ಖಾತೆ ಬೇರೆ ಬೇರೆ ಮಾಡಿ. ಸರ್ಕಾರದ ದುಡ್ಡು, ಬಟವಾಡೆ ಬರೋ ಖಾತೆ ಒಂದು, ಅದರಲ್ಲಿ ತಿಂಗಳ ಖರ್ಚಿನಷ್ಟು ಮಾತ್ರ ಇರಲಿ. ಉಳಿತಾಯಕ್ಕೆ ಬೇರೆ ಬ್ಯಾಂಕಲ್ಲಿ ಇನ್ನೊಂದು, ಅದಕ್ಕೆ ಆಧಾರ್ ಜೋಡಣೆ ಬೇಡ ಅಂತ ಬರೆದುಕೊಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸೋದು ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, ಜೋಡಣೆ ಇಲ್ಲದ ಖಾತೆಯಿಂದ ಎಇಪಿಎಸ್ ಮೂಲಕ ತೆಗೆಯೋಕೆ ಆಗಲ್ಲ. ದೊಡ್ಡ ಮೊತ್ತ ಇದ್ರೆ ಎಫ್‌ಡಿ ಮಾಡಿ. ಕೆಲವು ಬ್ಯಾಂಕಲ್ಲಿ ಎಇಪಿಎಸ್ ಸೌಲಭ್ಯವನ್ನೇ ನಿಲ್ಲಿಸಿ ಅಂತ ಅರ್ಜಿ ಕೊಟ್ರೆ ನಿಲ್ಲಿಸ್ತಾರೆ, ಕೇಳಿ ನೋಡಿ. ಎಟಿಎಂ ಕಾರ್ಡಲ್ಲೂ ಆನ್‌ಲೈನ್, ವಿದೇಶ, ಟ್ಯಾಪ್ ಮಾಡೋ ಪೇಮೆಂಟ್ ಎಲ್ಲ ಬೇರೆ ಬೇರೆ ಆಫ್ ಮಾಡಿಡಬಹುದು.

ಇದೇ ಮಾತಿಗೆ ಇನ್ನೆರಡು ಸೇರಿಸ್ತೀನಿ. ಮದುವೆ ಪತ್ರಿಕೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಅಂತ ವಾಟ್ಸಾಪಲ್ಲಿ ಎಪಿಕೆ ಫೈಲ್, ಅಂದ್ರೆ ಒತ್ತಿದ್ರೆ ಫೋನಿಗೆ ಆಪ್ ಹಾಕೋ ಫೈಲ್ ಬಂದ್ರೆ, ಕಳಿಸಿದವರು ಸ್ವಂತ ಅಣ್ಣತಮ್ಮಂದಿರೇ ಆಗಿದ್ರೂ ತೆರೀಬೇಡಿ, ಅವರ ಫೋನೇ ಬೇರೆಯವರ ಕೈಯಲ್ಲಿರಬಹುದು. ಅದು ಒಳಗೆ ಕೂತ್ಕೊಂಡು ಬರೋ ಮೆಸೇಜೆಲ್ಲ ಓದುತ್ತೆ. ವಿಡಿಯೋ ಕಾಲಲ್ಲಿ ಪೊಲೀಸ್ ಡ್ರೆಸ್ ಹಾಕ್ಕೊಂಡು ಡಿಜಿಟಲ್ ಅರೆಸ್ಟ್ ಅಂದ್ರೆ ಫೋನ್ ಕಟ್ ಮಾಡಿ, ನಮ್ಮ ಕಾನೂನಲ್ಲಿ ಅಂಥದ್ದೇ ಇಲ್ಲ. ಮೈಸೂರಲ್ಲಿ ಓದೋ ಹುಡುಗರು ಇದನ್ನ ಓದ್ತಿದ್ರೆ, "ನಿನ್ನ ಅಕೌಂಟ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀನಿ" ಅಂತ ಯಾರಾದ್ರೂ ಬಂದ್ರೆ ಬೇಡ ಅನ್ನಿ. ಈ ತಮ್ಮನ ತಾಯಿಯಂಥವರ ದುಡ್ಡು ಹಾದು ಹೋಗೋದು ಅಂಥ ಅಕೌಂಟುಗಳಲ್ಲೇ, ಪೊಲೀಸರು ಮೊದಲು ಬರೋದೂ ಆ ಹುಡುಗನ ಮನೆ ಬಾಗಿಲಿಗೇ.


ಹೊಳೆದಂಡೆ ಹುಡ್ಗ, ಮಂಡ್ಯ:

ಸರ್, ಅರ್ಜಿ ಕೊಟ್ಟು ಬಂದೆ. ಮೊದ್ಲು ತಗೊಳ್ಲಿಲ್ಲ, "ಹೆಡ್ ಆಫೀಸಿಗೆ ಮೇಲ್ ಹಾಕಿ" ಅಂದ್ರು. ಹಿಸ್ಟರಿ ಪ್ರಿಂಟು, ಡೇರಿ ಪುಸ್ತಕದ ಜೆರಾಕ್ಸು ಮುಂದಿಟ್ಟು, 2017ರ ಸುತ್ತೋಲೆ ಪ್ರಕಾರ ದೂರು ತಗೊಳ್ಳಿ, ಇಲ್ಲ ತಗೊಳ್ಳಲ್ಲ ಅಂತ ಬರ್ದುಕೊಡಿ ಅಂದೆ, ಆಮೇಲೆ ಮ್ಯಾನೇಜರ್ ಒಳಗೆ ಕರೆಸಿ ಓದಿ ಸೀಲ್ ಹಾಕ್ಕೊಟ್ರು. ದುಡ್ಡು ಇನ್ನೂ ಬಂದಿಲ್ಲ. ಬಯೋಮೆಟ್ರಿಕ್ ಅವ್ವಂದು ಅಪ್ಪಂದು ನಂದು ಮೂರೂ ಲಾಕ್ ಮಾಡಿದೀನಿ, ದೊಡ್ಡಪ್ಪನ ಮನೆಯವ್ರಿಗೂ ಮಾಡ್ಕೊಡ್ತಿದೀನಿ, ಅವ್ರೂ ಅದೇ ರಿಜಿಸ್ಟ್ರೇಷನ್ನಲ್ಲಿ ಇದ್ದೋರಲ್ವಾ. ದೊಡ್ಡವ್ವನ ಆಧಾರಿಗೆ ಯಾವ ನಂಬರೂ ಲಿಂಕ್ ಇಲ್ಲ, ಸೋಮವಾರ ಆಧಾರ್ ಸೆಂಟರಿಗೆ ಕರ್ಕೊಂಡೋಗ್ಬೇಕು. ಅಲ್ಲಿ ತನಕ ಅವ್ರ ಅಕೌಂಟಲ್ಲಿರೋದನ್ನ ಏನ್ ಮಾಡ್ಲಿ?


ಕ್ಯಾಷ್ ಕೌಂಟರ್, ಮೈಸೂರು:

ಇವತ್ತೇ ಪಾಸ್‌ಬುಕ್ ತಗೊಂಡು ಅವರ ಜೊತೆ ಬ್ರಾಂಚಿಗೆ ಹೋಗಿ, ಸ್ವಲ್ಪ ಬಿಟ್ಟು ಉಳಿದಿದ್ದನ್ನ ಅಲ್ಲೇ ಎಫ್‌ಡಿ ಮಾಡಿಸಿ, ನಾಮಿನಿ ಹೆಸರು ಮರೀಬೇಡಿ. ನಿಮ್ಮ ಅರ್ಜಿಯ ಸೀಲ್ ಹಾಕಿದ ತಾರೀಕಿಂದ 10 ಕೆಲಸದ ದಿನ ಲೆಕ್ಕ ಇಟ್ಕೊಳ್ಳಿ, ಅಷ್ಟರಲ್ಲಿ ಖಾತೆಗೆ ಬರದಿದ್ರೆ ಇಲ್ಲೇ ಬರೀರಿ, ಜ್ಞಾಪನಾ ಪತ್ರ ನಾನೇ ಬರೆದುಕೊಡ್ತೀನಿ.